ಥೆಲ್ಮಾಳ ವ್ಯಾನು, ಕ್ಲಿಫ್‌ನ ಕಾರು

ಥೆಲ್ಮಾ ಓಲ್ಡ್‌ರಾಯ್ಡ್ ಕೂತಲ್ಲಿ ಕೂರುವ ಹೆಂಗಸಲ್ಲ. ಚಹಾ ಕುಡಿಯುವಾಗಲೂ ಕಪ್ಪು ಹಿಡಿದುಕೊಂಡು ಅಡುಗೆಮನೆಯಿಂದ ಹಿತ್ತಿಲ ಬಾಗಿಲಿಗೆ, ಅಲ್ಲಿಂದ ಬೀದಿ ಕಡೆಯ ಕಿಟಕಿಗೆ ಓಡಾಡುತ್ತಲೇ ಇರುತ್ತಿದ್ದಳು. ಇಂಗ್ಲೆಂಡಿನ ಗೂಲ್ ಬಂದರಿನ ಹಿಂದೆ, ಒಂದಕ್ಕೊಂದು ಅಂಟಿಕೊಂಡ ಇಟ್ಟಿಗೆ ಮನೆಗಳ ಸಾಲಿನಲ್ಲಿ ಅವಳು ನಲವತ್ತು ವರ್ಷಕ್ಕೂ ಮೇಲೆ ಸಂಸಾರ ಮಾಡಿದಳು. ಅಷ್ಟೂ ವರ್ಷದಲ್ಲಿ ಆ ಮನೆಯ ಸೋಫಾ ಒಂದೇ ಗೋಡೆಗೆ ಎರಡು ತಿಂಗಳು ಒರಗಿ ನಿಂತದ್ದಿಲ್ಲ. ಕೆಲಸ ಮುಗಿಸಿ ಬಂದ ಗಂಡ ಕ್ಲಿಫ್ ಅಭ್ಯಾಸಬಲದಿಂದ ಹೋಗಿ ಕೂರಲು ನೋಡುವನು, ಅಲ್ಲಿ ಸೋಫಾ ಇರುತ್ತಿರಲಿಲ್ಲ.

"ಇವತ್ತು ಯಾವ ಕಡೆ ಹೊರಟಿದೆಯೇ ಇದರ ಸವಾರಿ?" ಎಂದು ಕೇಳುವನು.

"ಬೆಳಕು ಬೀಳೋ ಕಡೆ ಹಾಕಿದೀನಿ. ಕೂತ್ಕೋ ಸುಮ್ನೆ."

ಅವಳು ಹುಟ್ಟಿದ್ದೇ ಚಕ್ರದ ಮೇಲಿನ ಮನೆಯಲ್ಲಿ. ಅಪ್ಪನದು ಊರೂರಿನ ಜಾತ್ರೆಗೆ ಹೋಗಿ ರಾಟವಾಳ, ತಿರುಗುವ ಮರದ ಕುದುರೆಗಳನ್ನು ಹೂಡುವ ವೃತ್ತಿ. ಮಾರ್ಚಿನಿಂದ ಅಕ್ಟೋಬರ್‌ವರೆಗೆ ಒಂದು ವಾರಕ್ಕೊಂದು ಊರು. ಚಳಿಗಾಲದಲ್ಲಿ ಮಾತ್ರ ಡಾಂಕಾಸ್ಟರ್ ಹತ್ತಿರದ ಒಂದು ಬಯಲಿನಲ್ಲಿ ಬೀಡು. ಲಾರಿಯ ಹಿಂದೆ ಒಂದು ಗಾಡಿ, ಅದರ ಹಿಂದೆ ಇನ್ನೊಂದು ಗಾಡಿ ಕಟ್ಟಿಕೊಂಡು ಇಕ್ಕಟ್ಟಿನ ಮೈದಾನಕ್ಕೆ ಹಿಮ್ಮುಖವಾಗಿ ನುಗ್ಗಿಸುವ ವಿದ್ಯೆಯನ್ನು ಅವಳು ಹದಿನೇಳಕ್ಕೇ ಕಲಿತಿದ್ದಳು. ಹಲ್ ಊರಿನ ಜಾತ್ರೆಯಲ್ಲಿ ಕ್ಲಿಫ್ ಸಿಕ್ಕ. ಬಂದರಿನಲ್ಲಿ ಕ್ರೇನ್ ಓಡಿಸುವ, ಮಾತು ಕಡಿಮೆಯ, ಅಗಲ ಭುಜದ ಹುಡುಗ. ಅವನ ಹತ್ತಿರಕ್ಕೆ ಎಲ್ಲೆಲ್ಲಿಯದೋ ಹಡಗುಗಳು ಬರುತ್ತಿದ್ದವು. ಅವನು ಮಾತ್ರ ಒಂದನ್ನೂ ಹತ್ತಿ ಎಲ್ಲಿಗೂ ಹೋದವನಲ್ಲ, ಹೋಗುವ ಆಸೆಯೂ ಇದ್ದವನಲ್ಲ. ಅವನ ಆ ಗಟ್ಟಿತನವನ್ನೇ ಮೆಚ್ಚಿ ಅವಳು ಮದುವೆಯಾದಳು. ಆಮೇಲೆ ಅದೇ ಗಟ್ಟಿತನ ಅವಳಿಗೆ ಉಸಿರು ಕಟ್ಟಿಸಿತು. ಎರಡೂ ನಿಜ.

ಮಕ್ಕಳಾಗಲಿಲ್ಲ. ಶಾಲೆಯ ಬಸ್ಸು ಓಡಿಸುವ ಕೆಲಸ ಹಿಡಿದಳು. ದಿನಾ ಹೋದ ದಾರಿಯಲ್ಲೇ ಹೋಗಿ, ಬಂದ ದಾರಿಯಲ್ಲೇ ಬಂದಳು. ನಿವೃತ್ತಿಯಾಯಿತು. ಅಪ್ಪನ ವೃತ್ತಿ ಮುಂದುವರಿಸಿದ್ದ ಅಣ್ಣ ತೀರಿಕೊಂಡು ಅಪ್ಪನ ಕಾಲದ ಆಟದ ಸಾಮಾನೆಲ್ಲ ಮಾರಾಟವಾದಾಗ, ತನ್ನ ಪಾಲಿಗೆ ಬಂದದ್ದರಲ್ಲಿ ಯಾರನ್ನೂ ಕೇಳದೆ ಒಂದು ಹಳೆಯ ಮೋಟಾರ್‌ಹೋಮ್ ತಂದು ಮನೆಮುಂದೆ ನಿಲ್ಲಿಸಿದಳು. ಒಳಗೇ ಹಾಸಿಗೆ, ಒಲೆ, ಕಕ್ಕಸು ಎಲ್ಲ ಇರುವ ದೊಡ್ಡ ವ್ಯಾನು. ಅಕ್ಕಪಕ್ಕದವರ ಕಿಟಕಿಗೆ ಬಿಸಿಲು ಬೀಳದ ಹಾಗೆ ನಿಂತಿತು ಅದು.

"ಈ ಚಳಿಗಾಲ ಸ್ಪೇನು" ಎಂದಳು.

"ಹೋಗಿ ಬಾ."

"ಇಬ್ರೂ, ಕ್ಲಿಫ್."

ಒಂದು ವಾರ ಕಳೆದ ಮೇಲೆ ಕ್ಲಿಫ್ ಭಾನುವಾರದ ಊಟದ ಮುಂದೆ ಕೂತು ತನ್ನ ಷರತ್ತು ಹೇಳಿದ: "ಬರ್ತೀನಿ. ಆದ್ರೆ ನನ್ ಕಾರೂ ಬರ್ಬೇಕು. ಒಂದು ಬ್ರೆಡ್ ತರೋಕೆ ಮನೆನೇ ಮಡಚಿ, ಪಾತ್ರೆ ಎಲ್ಲ ಕಟ್ಟಿ, ಊರೊಳಗೆ ಮೆರವಣಿಗೆ ಹೋಗೋದು ನನ್ ಕೈಲಾಗಲ್ಲ. ನನಗೆ ಬೇಜಾರಾದಾಗ ಎದ್ದು ಹೋಗೋಕೆ ಅಂತ ಒಂದಿರ್ಲಿ."

ಕಾರೆಂದರೆ ಮೂರು ಬಾಗಿಲಿನ ಪುಟ್ಟ ಕೆಂಪು ಕಾರು. ಅದನ್ನು ವ್ಯಾನಿನ ಹಿಂದೆ ಎಳೆದೊಯ್ಯಲು ಥೆಲ್ಮಾ ಸೆಲ್ಬಿಯ ಒಂದು ಗ್ಯಾರೇಜಿನಲ್ಲಿ ಕಬ್ಬಿಣದ ಚೌಕಟ್ಟು ಹಾಕಿಸಿದಳು. ಚೌಕಟ್ಟಿನ ಎರಡು ಕಾಲು ಕಾರಿನ ಮೂತಿಗೆ, ತುದಿ ವ್ಯಾನಿನ ಕೊಂಡಿಗೆ. ಕಾರು ತನ್ನದೇ ನಾಲ್ಕು ಚಕ್ರದ ಮೇಲೆ ಹಿಂದೆ ಉರುಳಿಕೊಂಡು ಬರುತ್ತದೆ. ವ್ಯಾನು ನಿಧಾನವಾದರೆ ಕಾರಿನ ಬ್ರೇಕೂ ತಾನಾಗಿ ಹಿಡಿಯುತ್ತದೆ. ಇಂಗ್ಲೆಂಡಿನಲ್ಲಿ ಹೀಗೆ ಎಳೆಯುವ ಕಾರನ್ನು ಟ್ರೈಲರ್, ಅಂದರೆ ವಾಹನದ ಹಿಂದೆ ಕಟ್ಟುವ ಗಾಡಿ ಎಂದೇ ಲೆಕ್ಕ ಹಿಡಿಯುತ್ತಾರೆ. ಹಿಂದೆ ವ್ಯಾನಿನ ನಂಬರ್ ಫಲಕ, ಎರಡು ಕೆಂಪು ತ್ರಿಕೋನ, ದೀಪದ ವೈರು, ಬ್ರೇಕು ಇಷ್ಟು ಸರಿಯಾಗಿದ್ದರೆ ಯಾರೂ ತಕರಾರು ಮಾಡುವುದಿಲ್ಲ.

"ಒಂದೇ ಒಂದು ಮಾತು" ಎಂದ ಗ್ಯಾರೇಜಿನವನು. "ಹಿಂದಕ್ಕೆ ಮಾತ್ರ ತಗೋಬೇಡಿ. ಒಂದ್ ಮಾರು ಹೋಗೋದ್ರೊಳಗೆ ಕಾರಿನ ಮುಂದಿನ ಚಕ್ರ ಅಡ್ಡ ತಿರುಗಿ ಕಚ್ಕೊಳತ್ತೆ. ಸಿಕ್ಕಾಕ್ಕೊಂಡ್ರೆ ಇಳಿದು ಕೊಂಡಿ ಬಿಚ್ಚೋದೊಂದೇ ದಾರಿ."

"ಎರಡು ಗಾಡಿ ಕಟ್ಟಿ ರಿವರ್ಸ್ ಹೊಡ್ದವಳು ಕಣಪ್ಪ ನಾನು."

"ಇರಬಹುದು ಮೇಡಂ. ಇದು ಆ ಜಾತಿ ಅಲ್ಲ."

ಆ ಮಾತು ಅವಳಿಗೆ ಹಿಡಿಸಲಿಲ್ಲ. ಹಿಂದೆ ಹೋಗಲು ಬಾರದ ವಾಹನ ಅವಳು ಜನ್ಮದಲ್ಲಿ ಓಡಿಸಿರಲಿಲ್ಲ.

ವ್ಯಾನು ಓಡಿಸುವುದು ಅವಳೊಬ್ಬಳ ಪಾಲಿಗೇ ಬಂತು. ಅಷ್ಟು ಭಾರದ ವಾಹನ ಓಡಿಸುವ ಹಕ್ಕು ಎಪ್ಪತ್ತು ತುಂಬಿದೊಡನೆ ತಾನಾಗಿ ಹೋಗುತ್ತದೆ; ಬೇಕಿದ್ದರೆ ವೈದ್ಯರ ಪರೀಕ್ಷೆ ಪಾಸಾಗಿ ಮತ್ತೆ ಪಡೆಯಬೇಕು. ಎಪ್ಪತ್ತೆರಡರ ಕ್ಲಿಫ್ ಕಣ್ಣಿನ ಪರೀಕ್ಷೆಯಲ್ಲಿ ಬಿದ್ದಿದ್ದ. ಸಣ್ಣ ಕಾರಿಗೆ ಅವನ ಕಣ್ಣು ಸಾಕಿತ್ತು, ದೊಡ್ಡ ವ್ಯಾನಿಗೆ ಸಾಲದು. ಥೆಲ್ಮಾಳಿಗೆ ಇನ್ನೂ ಒಂದು ವರ್ಷವಿತ್ತು. ಆ ಒಂದು ವರ್ಷ ಅವಳ ಬೆನ್ನ ಮೇಲೆ ಕೂತು ಹೊರಡು, ಹೊರಡು ಅನ್ನುತ್ತಿತ್ತು.

ಜನವರಿಯ ಮೊದಲ ವಾರ ಪೋರ್ಟ್ಸ್‌ಮತ್‌ನಲ್ಲಿ ಸ್ಪೇನಿಗೆ ವಾಹನ ಒಯ್ಯುವ ಹಡಗಿನ ಸಾಲಿನಲ್ಲಿ ನಿಂತರು. ಪಕ್ಕದ ಸಾಲಿನ ರೆಗ್ ಎಂಬಾತ ಇಳಿದು ಬಂದು, ಕೈ ಹಿಂದೆ ಕಟ್ಟಿಕೊಂಡು ಅವರ ಕೊಂಡಿಯನ್ನು ಹೆಣ್ಣು ನೋಡಲು ಬಂದವನಂತೆ ನೋಡಿದ. ಅವನ ಕಾರು ಟ್ರೈಲರಿನ ಮೇಲೆ ಪಟ್ಟಿ ಬಿಗಿಸಿಕೊಂಡು ಕೂತಿತ್ತು.

"ಫ್ರಾನ್ಸಲ್ಲಿ ಕಣ್ಮುಚ್ಕೊಂಡು ಬಿಡ್ತಾರೆ. ಸ್ಪೇನಲ್ಲಿ ಇದು ನಡೆಯಲ್ಲ ಕಣಮ್ಮ" ಎಂದ. "ಅವರ ಲೆಕ್ಕದಲ್ಲಿ ಇದು ಟ್ರೈಲರ್ ಅಲ್ಲ, ಕೆಟ್ಟು ನಿಂತ ಕಾರು. ಕೆಟ್ಟ ಕಾರು ಎಳೆಯೋಕೆ ಕ್ರೇನ್ ಗಾಡಿಯವರಿಗೆ ಮಾತ್ರ ಹಕ್ಕು."

"ನಮ್ಮ ಕಾನೂನಲ್ಲಿ ಟ್ರೈಲರೇ. ಕಾಗದ ಎಲ್ಲ ಇಟ್ಕೊಂಡಿದೀನಿ."

"ನಮ್ಮ ಕಾನೂನು ಆ ಹಡಗಿನ ಬಾಗಿಲವರೆಗೆ. ನನ್ ಥರ ಟ್ರೈಲರ್ ತಗೋಬೇಕಿತ್ತು."

"ನೋಡ್ದೆ ಅದನ್ನೂ. ವ್ಯಾನು, ಟ್ರೈಲರು, ಕಾರು ಮೂರರ ತೂಕ ಸೇರಿದ್ರೆ ನನ್ ವ್ಯಾನಿಗೆ ಹಾಕಿರೋ ಮಿತಿ ದಾಟತ್ತೆ. ಅದೂ ಕಾನೂನೇ ಅಲ್ವಾ?"

"ಮುಂದಿನೆರಡು ಚಕ್ರ ಎತ್ತಿ ಕಟ್ಟೋ ಸಣ್ಣ ಗಾಡಿ ಬರತ್ತಲ್ಲ?"

"ಅದನ್ನೂ ಕೆಟ್ಟ ಕಾರಿಗೆ ಮಾತ್ರ ಬಳಸ್ಬೇಕಂತೆ. ಇನ್ನೇನು, ಚಾವಣಿ ಮೇಲೆ ಹೊರಲಾ?"

ರೆಗ್ ನಕ್ಕ. ಕ್ಲಿಫ್ ಮಾತ್ರ ಕಿಟಕಿಯಿಂದ ತಲೆ ಹೊರಹಾಕಿ, "ಮನೇಲೇ ಇರೋ ದಾರೀನೂ ಒಂದಿತ್ತು. ಅದಕ್ಕೆ ಯಾವ ದೇಶದಲ್ಲೂ ದಂಡ ಇಲ್ಲ" ಎಂದ.

ಸ್ಪೇನಿನ ಬಂದರು ಸಾಂತಾಂದೇರ್‌ನಲ್ಲಿ ಇಳಿದರು. ಬೆಟ್ಟ ಹತ್ತಿ, ಹಿಮ ಬಿದ್ದ ಬಯಲು ದಾಟಿ, ಮಾದ್ರಿದ್ ಬಳಸಿ ದಕ್ಷಿಣಕ್ಕೆ ತಿರುಗಿದರು. ಮೂರನೆಯ ದಿನ ಥೆಲ್ಮಾ ಹಾಡಿಕೊಳ್ಳುತ್ತಿದ್ದಳು. ಕ್ಲಿಫ್ ನಕ್ಷೆ ಮಡಿಲಲ್ಲಿಟ್ಟುಕೊಂಡು, ಯಾವ ಊರು ಬಂತೆಂದು ಕೇಳದೆ, ಮಧ್ಯಾಹ್ನದ ಊಟಕ್ಕೆ ಇನ್ನೆಷ್ಟು ಹೊತ್ತೆಂದು ಮಾತ್ರ ಕೇಳುತ್ತಿದ್ದ. ಅಲ್ಬಸೇತೆ ನಗರ ಇನ್ನೂ ಮುಂದಿರುವಾಗ ಮೋಟಾರ್ ಸೈಕಲ್ಲಿನ ಪೊಲೀಸನೊಬ್ಬ ಪಕ್ಕಕ್ಕೆ ಬಂದು ಕೈ ಮಾಡಿದ.

ಎಳೆ ಮುಖದ, ಇಂಗ್ಲಿಷ್ ಬಲ್ಲ, ನಯವಾದ ಮಾತಿನ ಹುಡುಗ. ವ್ಯಾನನ್ನೂ ಕಾರನ್ನೂ ಒಂದು ಸುತ್ತು ಬಂದ. ಇನ್ನೊಂದು ಸುತ್ತು ಬಂದ. ಬಾಗಿ ಕಾರಿನೊಳಗೆ ನೋಡಿದ.

"ಸೆನ್ಯೋರಾ, ಇದೇನು?"

"ಟ್ರೈಲರ್."

"ಇದಕ್ಕೆ ಸ್ಟೀರಿಂಗ್ ಇದೆ."

"ಹೂಂ, ಇದೆ."

"ಟ್ರೈಲರಿಗೆ ಸ್ಟೀರಿಂಗ್ ಇರಲ್ಲ."

ಥೆಲ್ಮಾ ಕಾಗದದ ಕಟ್ಟು ತೆರೆದಳು. ಗ್ಯಾರೇಜಿನವನು ಕೊಟ್ಟ ಪತ್ರ, ಅದರ ಸ್ಪ್ಯಾನಿಷ್ ಅನುವಾದ, ಬೇರೆ ದೇಶದ ವಾಹನಗಳನ್ನು ಹೇಗೆ ಒಪ್ಪಿಕೊಳ್ಳಬೇಕೆಂಬ ಒಪ್ಪಂದದ ಪುಟಗಳು. ಅವನು ಒಂದೊಂದನ್ನೂ ಮರ್ಯಾದೆಯಿಂದ ಓದಿ, ಮರ್ಯಾದೆಯಿಂದ ಮಡಚಿ ವಾಪಸು ಕೊಟ್ಟ.

"ಕಾರು ಓಡತ್ತಾ?"

"ಓಡದೆ ಏನು? ಚೆನ್ನಾಗೇ ಓಡತ್ತೆ."

"ವಿಮೆ ಇದೆಯಾ?"

"ಎಲ್ಲ ಇದೆ."

"ಹಾಗಾದ್ರೆ ಓಡಿಸ್ಕೊಂಡು ಹೋಗಿ" ಎಂದು ದಂಡದ ಚೀಟಿ ಹರಿದು ಕೊಟ್ಟ. ಕೊಂಡಿ ಬಿಚ್ಚುವವರೆಗೆ ಹೋಗಲಿಲ್ಲ. ಹಿಂದಿನಿಂದ ಬರುವ ಲಾರಿಗಳಿಗೆ ಕೈ ಬೀಸಿ ದೂರ ಸರಿಸುತ್ತ ನಿಂತಿದ್ದ.

ವೈರು ಕಿತ್ತು, ನಂಬರ್ ಫಲಕ ಬಿಚ್ಚಿ, ಚೌಕಟ್ಟನ್ನು ವ್ಯಾನಿನ ಹೊಟ್ಟೆಯೊಳಗೆ ತಳ್ಳುವಾಗ ಕ್ಲಿಫ್ ಮತ್ತೆ ಮತ್ತೆ ಹಾದುಹೋಗುವ ಲಾರಿಗಳ ಕಡೆ ನೋಡುತ್ತಿದ್ದುದನ್ನು ಥೆಲ್ಮಾ ಕಂಡಳು. ಅವನು ಹೊರದೇಶದಲ್ಲಿ, ರಸ್ತೆಯ ಬಲಗಡೆಗೆ, ಒಂದು ಫರ್ಲಾಂಗೂ ಓಡಿಸಿರಲಿಲ್ಲ.

"ನನ್ ಹಿಂದೇನೇ ಬಾ" ಎಂದಳು. "ನನ್ ಬೆನ್ನು ಬಿಡ್ಬೇಡ, ಅಷ್ಟೇ."

"ನಲವತ್ತು ವರ್ಷದಿಂದ ಬೇರೆ ಏನ್ ಮಾಡಿದೀನಿ?" ಎಂದು ಗೊಣಗಿ ಅವನು ಕಾರೊಳಗೆ ತೂರಿಕೊಂಡ.

ಕನ್ನಡಿಯಲ್ಲಿ ಕೆಂಪು ಚುಕ್ಕೆ ಕಾಣುತ್ತಿತ್ತು. ಮಧ್ಯೆ ಒಂದು ಲಾರಿ ನುಗ್ಗಿತು, ಚುಕ್ಕೆ ಮರೆಯಾಯಿತು, ಮತ್ತೆ ಕಂಡಿತು. ಅಲ್ಬಸೇತೆಯ ಹೊರವಲಯದಲ್ಲಿ ರಸ್ತೆ ಕವಲೊಡೆಯುವ ಕಡೆ ನಾಲ್ಕಾರು ಲಾರಿ ಒಟ್ಟಿಗೆ ಬಂದವು. ಅವು ಸರಿದ ಮೇಲೆ ಕನ್ನಡಿಯಲ್ಲಿ ಬರಿ ರಸ್ತೆ.

ಆಗ ಅವಳಿಗಾದದ್ದನ್ನು ಇದ್ದ ಹಾಗೇ ಹೇಳಬೇಕು. ಮೊದಲು ಅವಳಿಗೆ ಭಯವಾಗಲಿಲ್ಲ. ಎದೆ ಹಗುರಾಯಿತು. ಹಿಂದೆ ಭಾರವಿಲ್ಲ, ಪಕ್ಕದಲ್ಲಿ ಊಟದ ಹೊತ್ತು ಕೇಳುವವರಿಲ್ಲ, ಎದುರಿಗೆ ಚಳಿಗಾಲದ ಬಿಸಿಲಿನಲ್ಲಿ ನೆಟ್ಟಗೆ ಬಿದ್ದ ದಾರಿ. ಕಾಲು ತಾನಾಗಿ ಒತ್ತಿತು. ಹತ್ತು ಹನ್ನೆರಡು ಕಿಲೋಮೀಟರ್ ಅವಳು ಹದಿನೇಳರ ಹುಡುಗಿಯಾಗಿ ಓಡಿಸಿದಳು. ಆಮೇಲೆ ಎದುರಿನ ಹಲಗೆಯ ಮೇಲೆ ಚಾರ್ಜಿಗೆ ಹಾಕಿದ್ದ ಕ್ಲಿಫ್‌ನ ಫೋನು ಕಣ್ಣಿಗೆ ಬಿತ್ತು. ಅವನನ್ನು ಕರೆಯುವ ದಾರಿಯೂ ಇರಲಿಲ್ಲ.

ಮುಂದಿನ ತಿರುವಿನಲ್ಲಿ ಹೆದ್ದಾರಿ ಬಿಟ್ಟು ವಾಪಸು ಹೊರಟಳು. ಕವಲಿನಿಂದ ಹೊರಡುವ ಒಂದೊಂದು ದಾರಿಯನ್ನೂ ಹಿಡಿದಳು. ಪೆಟ್ರೋಲ್ ಬಂಕಿನಲ್ಲಿ ಕೈಸನ್ನೆಯಲ್ಲೇ ಕೆಂಪು ಕಾರು, ಬೋಳುತಲೆ, ಸ್ಟೀರಿಂಗ್ ಬಲಗಡೆ ಎಂದು ವಿವರಿಸಿದಳು. ಬಂಕಿನ ಹೆಂಗಸು ಅವಳ ಬೆನ್ನು ಸವರಿ ನೀರು ಕೊಟ್ಟಳು, ಕಾರು ಕಂಡಿರಲಿಲ್ಲ. ರಸ್ತೆ ಬದಿಯಲ್ಲಿ ಆಂಬುಲೆನ್ಸ್ ಕೂಗಿದಾಗಲೆಲ್ಲ ವೇಗ ತಗ್ಗಿಸಿ ಕೆಂಪು ಕಾರಿಗಾಗಿ ಹುಡುಕುತ್ತಿದ್ದಳು. 'ಎಪ್ಪತ್ತೆರಡರವನನ್ನು ಎಳೆದು ತಂದೆನಲ್ಲ, ಕೂತಲ್ಲಿ ಕೂರದ ನನ್ನ ಹುಚ್ಚಿಗೆ' ಎಂದು ತನಗೆ ತಾನೇ ಬೈದುಕೊಂಡಳು. ಬೈದುಕೊಳ್ಳುವಾಗಲೂ ಆ ಹತ್ತು ಹನ್ನೆರಡು ಕಿಲೋಮೀಟರಿನ ಖುಷಿ ಪೂರ್ತಿ ಹೋಗಿರಲಿಲ್ಲ. ಅದಕ್ಕೇ ಇನ್ನಷ್ಟು ಸಂಕಟವಾಯಿತು.

ಬಿಸಿಲು ಇಳಿಯುವ ಹೊತ್ತಿಗೆ ಪೊಸೋ ಆಂಚೊ ಎಂಬ ಹಳ್ಳಿಗೆ ಬಂದಳು. ಎಲೆಯುದುರಿದ ಹಿಪ್ಪುನೇರಳೆ ಮರದ ಕೆಳಗೆ, ಒಂದು ಸಣ್ಣ ಹೋಟೆಲಿನ ಎದುರು, ಕೆಂಪು ಕಾರು ಅಚ್ಚುಕಟ್ಟಾಗಿ ನಿಂತಿತ್ತು.

ಒಳಗೆ ನಾಲ್ಕು ಮುದುಕರ ನಡುವೆ ಕ್ಲಿಫ್ ಕೂತಿದ್ದ. ಕೊರಳಿಗೆ ಕರವಸ್ತ್ರ ಸಿಕ್ಕಿಸಿಕೊಂಡಿದ್ದ. ಎದುರಿಗೆ ಬೆಳ್ಳುಳ್ಳಿ, ಹಂದಿಮಾಂಸ ಹಾಕಿ ಹುರಿದ ಬ್ರೆಡ್ಡಿನ ಪುಡಿಯ ದೊಡ್ಡ ತಟ್ಟೆ. ಕೈಯಲ್ಲಿ ಡೊಮಿನೋ ಬಿಲ್ಲೆ.

"ಬಂದ್ಯಾ? ಕೂತ್ಕೋ, ಇದು ಆರಿದ್ರೆ ಚೆನ್ನಾಗಿರಲ್ಲ."

"ನೀನು ಸತ್ತೇ ಹೋದೆ ಅಂದ್ಕೊಂಡೆ ಕಣೋ!" ಥೆಲ್ಮಾ ಕಿರುಚಿದಳು. ಮುದುಕರು ಬಿಲ್ಲೆ ಕೆಳಗಿಟ್ಟರು. "ಫೋನ್ ಮಾಡೋಕೆ ಏನಾಗಿತ್ತು?"

"ಮಾಡ್ದೆ. ನನಗೆ ನೆನಪಿರೋದು ನಮ್ಮನೆ ನಂಬರ್ ಒಂದೇ. ಗೂಲಲ್ಲಿ ಯಾರೂ ಎತ್ತಲಿಲ್ಲ."

"ದಾರಿ ತಪ್ಪಿದ್ದು ಗೊತ್ತಾದ ಮೇಲಾದ್ರೂ ತಿರುಗಿ ಬರ್ಬಾರ್ದಿತ್ತಾ?"

ಕ್ಲಿಫ್ ಬಿಲ್ಲೆಯನ್ನು ಬೆರಳಲ್ಲಿ ತಿರುಗಿಸಿದ. "ತಪ್ಪಲಿಲ್ಲ ಕಣೇ. ನೀನು ನೇರ ಹೋಗೋದು ಕಾಣಿಸ್ತು. ಲಾರಿಗಳು ಬೆನ್ನು ಹತ್ತಿದ್ವು. ಪಕ್ಕಕ್ಕೊಂದು ಸಣ್ಣ ದಾರಿ ಇತ್ತು. ತಿರುಗಿಸ್ಬಿಟ್ಟೆ. ತಿರುಗಿಸಿದ್ ಮೇಲೆ... ಏನ್ ಹೇಳ್ಲಿ, ಆರಾಮಾಯ್ತು."

ಹೋಟೆಲಿನ ಒಡತಿ ಎನ್ಕಾರ್ನಾ ಒಂದು ಕುರ್ಚಿ ಎಳೆದು ಥೆಲ್ಮಾಳನ್ನು ಭುಜ ಹಿಡಿದು ಕೂರಿಸಿ, ಕೈಗೊಂದು ಚಮಚ ಕೊಟ್ಟಳು. ಅರ್ಧ ತಟ್ಟೆ ಖಾಲಿಯಾದ ಮೇಲೆ ಥೆಲ್ಮಾ ತಲೆಯೆತ್ತದೆ, "ನನಗೂ ಆಯ್ತು" ಎಂದಳು.

"ಏನು?"

"ಆರಾಮು. ನೀನು ಕಾಣಿಸದೇ ಹೋದಾಗ. ಸ್ವಲ್ಪ ಹೊತ್ತು."

ಕ್ಲಿಫ್ ಅವಳನ್ನು ನೋಡಿದ. ನೊಂದನೋ ಇಲ್ಲವೋ ಅವಳಿಗೆ ತಿಳಿಯಲಿಲ್ಲ. ಅವನ ಮುಖ ಎಂದೂ ಹಾಗೇ, ಬಂದರಿನ ಗೋಡೆ.

"ಎಷ್ಟ್ ಹೊತ್ತು?" ಎಂದ.

"ಹತ್ತು ನಿಮಿಷ."

"ನಂದು ಮಧ್ಯಾಹ್ನ ಪೂರ್ತಿ" ಎಂದು ಅವನು ಬಿಲ್ಲೆ ಇಟ್ಟ. ಎದುರಿಗಿದ್ದ ಹಿನೆಸ್ ಎಂಬ ಮುದುಕ ತನ್ನ ಭಾಷೆಯಲ್ಲಿ ಏನೋ ಅಂದು ಮೇಜು ಗುದ್ದಿದ. ಆಟದಲ್ಲಿ ಕ್ಲಿಫ್ ಗೆದ್ದಿದ್ದ.

ಒಂದು ರಾತ್ರಿ ಅಂತ ಉಳಿದರು, ವಾರವಾಯಿತು. ಕ್ಲಿಫ್ ಬೆಳಿಗ್ಗೆ ಕಾರು ತೆಗೆದುಕೊಂಡು ಬ್ರೆಡ್ಡಿಗೆ ಹೋಗುವನು, ನಡೆದರೆ ಐದು ನಿಮಿಷದ ದಾರಿ. ಆಮೇಲೆ ಡೊಮಿನೋ, ಊಟ, ಮರದ ಕೆಳಗೆ ಬಿಸಿಲು. ಎರಡೂ ಕಡೆಯವರಿಗೆ ಭಾಷೆ ಬಾರದ ಕಾರಣ ಮಾತಾಡುವ ಕಷ್ಟವೂ ಅವನಿಗಿರಲಿಲ್ಲ. ಹಿನೆಸ್ ಅವನನ್ನು ಕ್ಲೀ ಎನ್ನುತ್ತಿದ್ದ. ಥೆಲ್ಮಾ ಮಾತ್ರ ವ್ಯಾನನ್ನು ಮೂರು ಸಲ ಜಾಗ ಬದಲಿಸಿದಳು: ಮೊದಲು ಇಗರ್ಜಿಯ ಹಿಂದೆ, ಆಮೇಲೆ ಆಲಿವ್ ತೋಪಿನ ಪಕ್ಕ, ಆಮೇಲೆ ಊರ ಬಾಯಿಯಲ್ಲಿ. ರಾತ್ರಿ ನಿದ್ದೆ ಬರುತ್ತಿರಲಿಲ್ಲ. ವೀಸಾ ಇಲ್ಲದೆ ಸ್ಪೇನಿನಲ್ಲಿ ಇರಬಹುದಾದದ್ದೇ ತೊಂಬತ್ತು ದಿನ, ಅದರಲ್ಲಿ ಒಂದು ವಾರ ಒಂದು ಮರದ ಕೆಳಗೆ ಕಳೆಯಿತೆಂದು ಉರಿಯುತ್ತಿದ್ದಳು.

"ಸಮುದ್ರ ನೋಡೋಕೆ ಹೊರಟಿದ್ದಲ್ವಾ ನಾವು?"

"ನೀನು ಹೊರಟಿದ್ದು."

"ಇಲ್ಲಿ ಏನಿದೆ ಕ್ಲಿಫ್? ಏನಿದೆ ಅಂತ!"

"ಏನೂ ಇಲ್ಲ. ಅದಕ್ಕೇ." ಅವನು ಶೂ ಬಿಚ್ಚುತ್ತ ಹೇಳಿದ. "ನೀನು ಹೋಗಿ ಬಾ ಥೆಲ್ಮಾ. ಎನ್ಕಾರ್ನಾ ಮೇಲಿನ ಕೋಣೆ ಕೊಡ್ತಾಳಂತೆ. ಕಾರು ಇದೆ, ನನಗೇನೂ ಆಗಲ್ಲ. ನೀನು ಹೀಗೆ ಸುತ್ತ ಓಡಾಡ್ತಿದ್ರೆ ನನಗೇ ತಲೆ ತಿರುಗತ್ತೆ."

ಬೇಕಾದ ಮಾತೇ ಅದು. ಆದರೂ ಅವನ ಬಾಯಿಂದ ಬಂದಾಗ ಅವಳಿಗೆ ಕೆನ್ನೆಗೆ ಹೊಡೆದಂತಾಯಿತು. ಇಡೀ ರಾತ್ರಿ ಜಗಳ ಹುಡುಕಿದಳು. ಅವನು ಒಂದಕ್ಕೂ ಸಿಕ್ಕಿಕೊಳ್ಳಲಿಲ್ಲ. ಬೆಳಿಗ್ಗೆ ಅವನ ಗುಳಿಗೆ, ಉಣ್ಣೆಯ ಅಂಗಿ, ಚಹಾಪುಡಿ ಎಲ್ಲ ಕಟ್ಟಿಕೊಟ್ಟು, ತನ್ನ ನಂಬರನ್ನು ಅವನ ಬಾಯಲ್ಲಿ ನಾಲ್ಕು ಸಲ ಹೇಳಿಸಿ ಹೊರಟಳು.

ಆ ಚಳಿಗಾಲ ಅವಳು ಕರಾವಳಿ ಪೂರ್ತಿ ಸುತ್ತಿದಳು. ಎಲ್ಲಿಯೂ ಮೂರು ರಾತ್ರಿಗಿಂತ ಹೆಚ್ಚು ನಿಲ್ಲಲಿಲ್ಲ. ಇಕ್ಕಟ್ಟಿನ ಮೀನುಗಾರರ ಓಣಿಯಲ್ಲಿ ಸಿಕ್ಕಿಕೊಂಡಾಗ ಅರ್ಧ ಮೈಲಿ ಹಿಮ್ಮುಖವಾಗಿ ಬಂದಳು. ಬಾಲ್ಕನಿಯ ಹೆಂಗಸರು ಚಪ್ಪಾಳೆ ತಟ್ಟಿದರು. ಸಂಜೆ ಫೋನಿನಲ್ಲಿ ಕ್ಲಿಫ್ ಊಟಕ್ಕೇನಿತ್ತೆಂದು ಹೇಳುವನು, ಅವಳು ಯಾವ ಊರೆಂದು ಹೇಳುವಳು. ಎರಡು ವಾರಕ್ಕೊಮ್ಮೆ ಪೊಸೋ ಆಂಚೊಗೆ ಬಂದು ಅವನ ಬಟ್ಟೆ ಒಗೆದು, ಎರಡು ದಿನ ಇದ್ದು, ಮೂರನೆಯ ದಿನ ಬೆಳಿಗ್ಗೆ ಮತ್ತೆ ಕಿಟಕಿಯಿಂದ ಕಿಟಕಿಗೆ ನಡೆಯತೊಡಗುವಳು.

"ಹೊರಡು ಮಾರಾಯ್ತಿ, ಎನ್ಕಾರ್ನಾಳ ನೆಲ ಸವೆಯತ್ತೆ" ಎನ್ನುವನು ಕ್ಲಿಫ್.

ಮಾರ್ಚ್ ಕೊನೆಗೆ ಮನೆಗೆ ಹೊರಟರು. ಸ್ಪೇನಿನಲ್ಲಿ ಅವನು ಕಾರು, ಅವಳು ವ್ಯಾನು. ಪೋರ್ಟ್ಸ್‌ಮತ್‌ನಲ್ಲಿ ಇಳಿದ ಮೇಲೆ ಬಂದರಿನ ಆಚೆ ನಿಲ್ಲಿಸಿ ಕಾರನ್ನು ಮತ್ತೆ ಕೊಂಡಿಗೆ ಹಾಕಿದರು. ಕ್ಲಿಫ್ ಅವಳ ಪಕ್ಕದಲ್ಲಿ ಕೂತು ಗೂಲ್‌ವರೆಗೂ ಗೊರಕೆ ಹೊಡೆದ. ಆ ಬೇಸಿಗೆಯಲ್ಲಿ ಥೆಲ್ಮಾ ಕಾರು ಎಳೆಯುವ ಆ ಚೌಕಟ್ಟು ಮಾರಿದಳು. ಎಪ್ಪತ್ತು ತುಂಬುವ ಮೊದಲೇ ವೈದ್ಯರ ಪರೀಕ್ಷೆಗೆ ಹೋದಳು. ಕಣ್ಣು, ರಕ್ತದೊತ್ತಡ, ಹೃದಯ ಎಲ್ಲ ನೋಡಿದ ವೈದ್ಯೆ, "ಕೂತ್ಕೊಳ್ಳಿ, ಯಾಕೆ ನಿಂತೇ ಇದೀರಿ?" ಎಂದದ್ದು ಬಿಟ್ಟರೆ ಬೇರೇನೂ ತಕರಾರಿರಲಿಲ್ಲ. ವ್ಯಾನು ಓಡಿಸುವ ಹಕ್ಕು ಇನ್ನೂ ಮೂರು ವರ್ಷದ ಮಟ್ಟಿಗೆ ಸಿಕ್ಕಿತು. ಮುಂದಿನ ಜನವರಿಗೆ ಹಡಗಿನಲ್ಲಿ ಎರಡು ವಾಹನಕ್ಕೆ ಬೇರೆ ಬೇರೆ ಜಾಗ ಹಿಡಿದಳು.

ಆ ಎರಡನೆಯ ಚಳಿಗಾಲ ಪೋರ್ಚುಗಲ್ ಗಡಿಯವರೆಗೆ ಹೋದವಳು ಒಂದು ಬೆಳಿಗ್ಗೆ, ಯಾಕೆಂದು ತನಗೇ ತಿಳಿಯದೆ, ವ್ಯಾನು ತಿರುಗಿಸಿದಳು. ಬರಬೇಕಾದ ದಿನಕ್ಕೆ ಇನ್ನೂ ಒಂದು ವಾರವಿತ್ತು. ಫೋನು ಮಾಡಲಿಲ್ಲ, ಅವನ ಮುಖ ನೋಡುವ ಆಸೆಯಿತ್ತು. ಮರುದಿನ ಮಧ್ಯಾಹ್ನ ಪೊಸೋ ಆಂಚೊ ತಲುಪಿದಾಗ ಮರದ ಕೆಳಗೆ ಕಾರಿರಲಿಲ್ಲ. ಡೊಮಿನೋ ಮೇಜಿನಲ್ಲಿ ಎರಡು ಕುರ್ಚಿ ಖಾಲಿ.

"ಕ್ಲೀ ಮತ್ತೆ ಹಿನೆಸ್ ಹೋದ್ರು" ಎಂದಳು ಎನ್ಕಾರ್ನಾ ತನಗೆ ಬರುವ ಅಷ್ಟಿಷ್ಟು ಇಂಗ್ಲಿಷಿನಲ್ಲಿ, ಕೈ ಎತ್ತಿ ಪೂರ್ವಕ್ಕೆ ತೋರಿಸಿ. "ಸಮುದ್ರಕ್ಕೆ."

"ಕ್ಲಿಫ್? ಸಮುದ್ರಕ್ಕೆ?"

ಅವನು ಫೋನು ಎತ್ತಲಿಲ್ಲ. ಥೆಲ್ಮಾ ಹೋಟೆಲಿನ ಮೆಟ್ಟಿಲ ಮೇಲೆ ಕೂತಳು, ಎದ್ದಳು, ಮರದವರೆಗೆ ಹೋದಳು, ರಸ್ತೆಯ ತುದಿಯವರೆಗೆ ಹೋಗಿ ಬಂದಳು. ಹೆದ್ದಾರಿಯ ಲಾರಿಗಳು, ಅವನ ಕಣ್ಣು, ಬೆಟ್ಟದ ಇಳಿಜಾರು ಎಲ್ಲ ತಲೆಯೊಳಗೆ ಸುತ್ತಿದವು. ವ್ಯಾನು ಹತ್ತಿ ಹುಡುಕಲು ಹೋಗೋಣವೆಂದು ಎರಡು ಸಲ ಕೀಲಿ ಹಾಕಿದಳು. ಅಷ್ಟರಲ್ಲಿ ಅವನು ಬಂದುಬಿಟ್ಟರೆ ಎಂದು ಎರಡು ಸಲವೂ ತೆಗೆದಳು. ಕಾಯುವ ಕೆಲಸ ಅವಳು ಅಲ್ಲಿಯವರೆಗೆ ಮಾಡಿರಲೇ ಇಲ್ಲ, ಅದನ್ನು ಎಲ್ಲಿಂದ ಹಿಡಿಯಬೇಕೆಂದೇ ಗೊತ್ತಾಗಲಿಲ್ಲ.

ದೀಪ ಹಚ್ಚುವ ಹೊತ್ತಿಗೆ ಕೆಂಪು ಕಾರು ಬಂತು. ಹಿನೆಸ್ ಮೊದಲಿಳಿದು, ಅವಳ ಮುಖ ನೋಡಿ, ಮೆಲ್ಲಗೆ ಒಳಗೆ ಜಾರಿದ. ಕ್ಲಿಫ್‌ನ ಪ್ಯಾಂಟು ಮೊಣಕಾಲವರೆಗೆ ಒದ್ದೆಯಾಗಿತ್ತು, ಮೂಗು ಬಿಸಿಲಿಗೆ ಕೆಂಪಾಗಿತ್ತು.

"ನೀನು ಇವತ್ತು ಇಲ್ಲಿ?" ಎಂದ.

"ಎಲ್ಲಿ ಹಾಳಾಗಿ ಹೋಗಿದ್ದೆ?"

"ಹಿನೆಸ್ ಹತ್ತು ವರ್ಷದಿಂದ ಸಮುದ್ರ ನೋಡಿರ್ಲಿಲ್ವಂತೆ. ಕಾರಿತ್ತಲ್ಲ." ಬಾಗಿಲು ಹಾಕಿ ಕೀಲಿಯನ್ನು ಜೇಬಿಗಿಳಿಸಿದ. "ತುಂಬಾ ಹೊತ್ತಾಯ್ತಾ ಬಂದು?"

ಅವಳು ಅವನ ಒದ್ದೆ ಪ್ಯಾಂಟಿನ ಮರಳು ಕೊಡವಿದಳು, ಬೇಕಾದ್ದಕ್ಕಿಂತ ಜೋರಾಗಿ.

"ಹೇಗಿತ್ತು?" ಎಂದು ಕೊನೆಗೆ ಕೇಳಿದಳು.

"ತಣ್ಣಗಿತ್ತು" ಎಂದ ಕ್ಲಿಫ್. ಶೂ ಬಿಚ್ಚಿ ಮರಳು ಸುರಿಯುತ್ತ, "ನಾಳೆ ಬೇಕಾದ್ರೆ ತೋರಿಸ್ತೀನಿ. ಚೂರು ಬೇಗ ಏಳ್ಬೇಕು" ಎಂದ.